ದಿನವೂ ಹಾಲು ಉಕ್ಕಿಸಿದ ಅಕ್ಕ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಬಟ್ಟೆ ಹರವಲು ಹೋದವಳು ಅಲ್ಲೇ ಯಾವುದೋ ಯೋಚನೆಯಲ್ಲಿ ನಿಂತುಬಿಟ್ಟೆ. ಸೀದ ವಾಸನೆ ಮೂಗಿಗೆ ಬಡಿದ ಮೇಲೆ ಒಳಗೆ ಓಡಿದೆ. ಹಾಲು ಪಾತ್ರೆಯ ಅಂಚಿನಿಂದ ಇಳಿದು ಬರ್ನರಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. "ಮತ್ತೆ ಉಕ್ಕಿಸಿದ್ಯಾ?" ಎಂದು ನನ್ನ ಗಂಡ ಹಾಲ್‌ನಲ್ಲಿ ಕೂತೇ ಕೇಳಿದರು. ಕೂತಲ್ಲಿಂದ ಪ್ರಶ್ನೆ ಕೇಳುವುದರಲ್ಲಿ ಅವರದು ಎತ್ತಿದ ಕೈ. ನಾನು ಬಟ್ಟೆ ಹಿಡಿದು ಒಲೆ ಒರೆಸುತ್ತಾ ನಿಂತೆ. ಆ ವಾಸನೆ ಬಂದರೆ ನನಗೆ ನೆನಪಾಗುವುದು ಶೆಟ್ಟಿಹಳ್ಳಿಯ ಒಂದು ಅಡುಗೆಮನೆ, ಅಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಿದ್ದ ಅಕ್ಕ...

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಮದುವೆಯಾದ ಹೊಸದರಲ್ಲಿ ತಿಪಟೂರು ಕಡೆಯಿಂದ ಬಂದ ನಾವು ಗಂಡಹೆಂಡತಿ ಬಾಡಿಗೆಗಿದ್ದ ಮನೆಯ ಒಡತಿಯ ಸೊಸೆ. ನನ್ನ ಗಂಡನಿಗೆ ಪೀಣ್ಯದಲ್ಲಿ ಕೆಲಸ. ನಾವು ಮಹಡಿಯಲ್ಲಿದ್ದೆವು. ಕೆಳಗೆ ಅಕ್ಕ, ಅವಳ ಗಂಡ, ಅತ್ತೆ. ಹಿಂದುಗಡೆ ಸಾಲಾಗಿ ನಾಲ್ಕು ಪುಟ್ಟ ಬಾಡಿಗೆ ಮನೆಗಳು. ಅತ್ತೆಯನ್ನು ನಾವು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದೆವು. ಅಕ್ಕನ ಗಂಡ ನಮಗೆಲ್ಲ ಅಣ್ಣ. ನೀರಿನ ಟ್ಯಾಂಕರ್ ಓಡಿಸುತ್ತಿದ್ದರು, ಬೆಳಿಗ್ಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಅಕ್ಕ, ಅಣ್ಣ ತಮ್ಮ ಒಬ್ಬಳೇ ಮಗಳನ್ನು ನೆಲಮಂಗಲಕ್ಕೆ ಕೊಟ್ಟಿದ್ದರು.

ಓನರಮ್ಮ ಸಾಮಾನ್ಯ ಹೆಂಗಸಲ್ಲ. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಜಮೀನು ಲೇಔಟ್ ಆಗಿಹೋದಾಗ, ಉಳಿದ ತುಂಡು ಜಾಗದಲ್ಲಿ ತಾವೇ ಮೇಸ್ತ್ರಿಯ ತಲೆಯ ಮೇಲೆ ನಿಂತು ಆ ಮನೆಗಳನ್ನು ಕಟ್ಟಿಸಿದವರು. ಗಂಡ ತೀರಿಕೊಂಡು ಆಗಲೇ ಬಹಳ ವರ್ಷ ಆಗಿತ್ತು. ನಾವು ಮನೆ ಕೇಳಲು ಹೋದ ದಿನ ಜಗಲಿಯ ಮೇಲೆ ಕಾಲು ಚಾಚಿ ಕೂತು ನಮ್ಮಿಬ್ಬರನ್ನೂ ಬಿಸಿಲಲ್ಲಿ ನಿಲ್ಲಿಸಿಯೇ ವಿಚಾರಣೆ ಮಾಡಿದ್ದರು.

"ಎಷ್ಟ್ ಜನ ಇದೀರಾ? ನೆಂಟ್ರು ಜಾಸ್ತಿ ಬತ್ತಾರಾ? ನೀರು ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಗೋಡೆಗೆ ಮೊಳೆ ಒಡೀಬಾರ್ದು, ಈಗ್ಲೇ ಏಳಿರ್ತೀನಿ."

ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಕೊನೆಗೆ ಅವರ ಮುಖ ಸಡಿಲವಾಗಿ, "ಸರಿ, ಆಲು ಉಕ್ಕಿಸ್ಕೊಂಡು ಬನ್ನಿ" ಎಂದರು. ಬಾಡಿಗೆ ಮನೆಯಾದರೂ ಹೊಸದಾಗಿ ಕಾಲಿಡುವಾಗ ಹಾಲು ಉಕ್ಕಿಸಬೇಕಲ್ಲ. ಆ ಮನೆಯಲ್ಲಿ ಅದಕ್ಕೊಂದು ಪದ್ಧತಿಯೂ ಇತ್ತು. ಉಕ್ಕಿದ ಹಾಲಿಗೆ ಸಕ್ಕರೆ ಹಾಕಿ ಮೊದಲ ಲೋಟ ಓನರಮ್ಮನ ಕೈಗೆ ಕೊಡಬೇಕು. ಅವರು ಕುಡಿದು ಲೋಟ ಕೆಳಗಿಟ್ಟರೆ ನೀವು ಆ ಮನೆಯವರಾದಿರಿ ಎಂದರ್ಥ. ಬೇರೆ ದಿನಗಳಲ್ಲಿ ಬಾಡಿಗೆಯವರ ಮನೆಯ ಒಂದು ಗುಟುಕು ನೀರನ್ನೂ ಮುಟ್ಟದಿದ್ದ ಅವರು ಆ ಒಂದು ಲೋಟವನ್ನು ಮಾತ್ರ ಎಂದೂ ಬೇಡ ಎಂದವರಲ್ಲ.

ಆ ದಿನಗಳಲ್ಲಿ ಅಕ್ಕ ಎಂಬೊಬ್ಬಳು ಆ ಮನೆಯಲ್ಲಿದ್ದಾಳೆ ಎಂದು ತಿಳಿಯುವುದೇ ಕಷ್ಟವಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಅತ್ತೆ ಕೂಗಿದರೆ ಎದ್ದು ಹೋಗುವಳು, ತುಟಿ ಪಿಟಕ್ಕೆನ್ನದೆ ಕೆಲಸ ಮುಗಿಸಿ ಬಂದು ಮತ್ತೆ ಕೂರುವಳು. ನೀರಿನ ಮೋಟರಿನ ಸ್ವಿಚ್ಚನ್ನು ಮುಟ್ಟುವ ಅಧಿಕಾರ ಕೂಡ ಅವಳಿಗಿರಲಿಲ್ಲ. ಇವಳಿಗೆ ಬಾಯಿಯೇ ಇಲ್ಲವೇನೋ ಎಂದು ನಾನು ನನ್ನ ಗಂಡನ ಹತ್ತಿರ ಆಡಿಕೊಂಡದ್ದುಂಟು.

ಆಮೇಲೆ ಒಂದು ದಿನ ಓನರಮ್ಮ ಮೋಟರ್ ಹಾಕಿ ಆರಿಸುವುದನ್ನೇ ಮರೆತರು. ನೀರು ಬೀದಿಗೆಲ್ಲ ಹರಿಯಿತು. ಒಂದು ಹನಿ ಚೆಲ್ಲಿದರೂ ಬಾಯಿ ಬಡಿದುಕೊಳ್ಳುತ್ತಿದ್ದ ಹೆಂಗಸು ಜಗಲಿಯಲ್ಲಿ ಕೂತು ಆ ನೀರನ್ನು ಸುಮ್ಮನೆ ನೋಡುತ್ತಿದ್ದರು. ನಮಗೆಲ್ಲ ಗಾಬರಿಯಾದದ್ದು ಆಗಲೇ. ಮುಂದೆ ಕೇಳಿದ್ದನ್ನೇ ಕೇಳತೊಡಗಿದರು, ತಮ್ಮದೇ ಬೀದಿಯಲ್ಲಿ ದಾರಿ ತಪ್ಪಿದರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, ಇದು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಇನ್ನು ಮುಂದೆ ಒಬ್ಬರು ಸದಾ ಜೊತೆಯಲ್ಲಿರಬೇಕು ಎಂದರಂತೆ. ಆ ಒಬ್ಬರು ಯಾರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಕ್ಕ ಹೊಲಿಗೆ ಯಂತ್ರದ ಮೇಲೆ ಒಂದು ಹಳೆಯ ಸೀರೆ ಮುಚ್ಚಿದಳು, ಅಷ್ಟೇ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಹಿಂದಿನ ಮನೆಯ ಹೆಂಗಸರು ಪಿಸುಗುಟ್ಟಿದರು. ಇನ್ನು ಅಕ್ಕ ತಿರುಗಿ ಬೀಳುತ್ತಾಳೆ, ನೋಡಿ ಮಜಾ ತೆಗೆದುಕೊಳ್ಳೋಣ ಎಂಬ ಆಸೆ ಅವರಿಗೆ ಇತ್ತೆಂದು ಕಾಣುತ್ತದೆ. ಆದದ್ದೇ ಬೇರೆ. ಒಂದು ಬೆಳಿಗ್ಗೆ ಓನರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನನ್ನು ದುರುಗುಟ್ಟಿ ನೋಡಿ, "ಏನಮ್ಮ, ಮನೆ ಕಾಲಿ ಮಾಡು ಅಂತ ಏಳಿ ಎಷ್ಟ್ ದಿನ ಆಯ್ತು? ಇನ್ನೂ ಇಲ್ಲೇ ಇದೀಯಾ?" ಎಂದರು. ಅಕ್ಕ ಮೊದಲು ನಕ್ಕಳು. ಓನರಮ್ಮ ನಗಲಿಲ್ಲ. ಅಷ್ಟರಲ್ಲಿ ನಾನು ಮೊಸರಿಗೆ ಹೆಪ್ಪು ಕೇಳಲು ಕೆಳಗೆ ಹೋದೆ. ನನ್ನನ್ನು ನೋಡಿದ್ದೇ ತಡ ಅವರ ಮುಖ ಅರಳಿತು.

"ನಮ್ ಸೊಸೆ ಬಂದ್ಲು ನೋಡು. ಇವ್ಳಿಗೆ ನೀನೇ ಏಳಮ್ಮ, ಕಾಲಿ ಮಾಡು ಅಂತ."

ಬಾಡಿಗೆಯವಳು ನಾನು, ಸೊಸೆ ಅವಳು. ಆ ಅಜ್ಜಿಯ ತಲೆಯಲ್ಲಿ ನಾವಿಬ್ಬರೂ ಅದಲು ಬದಲಾಗಿಬಿಟ್ಟಿದ್ದೆವು.

ಅಕ್ಕ ಮಾಡದ ಪ್ರಯತ್ನವಿಲ್ಲ. "ನಾನು ನಿಮ್ಮ ಸೊಸೆ ಅತ್ತೆ" ಎಂದು ಗೋಗರೆದಳು. ಮದುವೆಯ ಫೋಟೋ ಗೋಡೆಯಿಂದ ಇಳಿಸಿ ತಂದು ತೋರಿಸಿದಳು. ಓನರಮ್ಮ ಅದನ್ನು ಹತ್ತಿರ ಹಿಡಿದು, "ಈ ಉಡ್ಗಿ ಚೆನ್ನಾಗವ್ಳೆ, ಯಾರ್ ಮಗ್ಳು?" ಎಂದು ಕೇಳಿದರು. ಅಣ್ಣ ಹೇಳಿ ನೋಡಿದರು, ಬೈದು ನೋಡಿದರು. ಹೇಳಿದಷ್ಟೂ ಓನರಮ್ಮನಿಗೆ ಸಿಟ್ಟು. ಮಗನನ್ನೇ ಬಾಡಿಗೆಯವಳು ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂಬ ಅನುಮಾನ ಬೇರೆ ಶುರುವಾಯಿತು.

ಇದರಲ್ಲಿ ನಗುವಂಥದ್ದೂ ಇತ್ತು, ನಾವು ನಕ್ಕೂ ಇದ್ದೇವೆ. ಆದರೆ ಊಟದ ಹೊತ್ತಿಗೆ ನಗು ಬರುತ್ತಿರಲಿಲ್ಲ. ಬಾಡಿಗೆಯವಳ ಕೈಯಿಂದ ಓನರಮ್ಮ ಉಣ್ಣುತ್ತಾರೆಯೇ? ತಟ್ಟೆ ತಳ್ಳುತ್ತಿದ್ದರು. ಕೊನೆಗೆ ನಾನೇ ಹೋಗಿ ಬಡಿಸತೊಡಗಿದೆ. ಅಕ್ಕ ಮುದ್ದೆ ಮಾಡಿ, ಸೊಪ್ಪಿನ ಸಾರು ಬಿಟ್ಟು ಬಾಗಿಲ ಮರೆಯಿಂದ ನನ್ನ ಕೈಗೆ ಕೊಡುವಳು. ನಾನು ಸೊಸೆಯಾಗಿ ಬಡಿಸಿದರೆ ಓನರಮ್ಮ ಸಮಾಧಾನವಾಗಿ ಉಣ್ಣುತ್ತಾ, "ನಿನ್ ಕೈ ರುಚಿನೇ ರುಚಿ ಕಣವ್ವ" ಎನ್ನುವರು. ಬಾಗಿಲ ಹಿಂದೆ ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಅವಳು ಮಾತ್ರ ಖಾಲಿ ತಟ್ಟೆ ನೋಡಿ, "ಸದ್ಯ, ಉಂಡ್ರಲ್ಲ" ಎನ್ನುತ್ತಿದ್ದಳು.

ಅದೂ ಹೆಚ್ಚು ದಿನ ನಡೆಯುವಂತಿರಲಿಲ್ಲ. ಜಾಲಹಳ್ಳಿಯ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು, ಜೂನ್‌ನಿಂದ ಹೋಗಬೇಕಿತ್ತು. ಅದೇ ಹೊತ್ತಿಗೆ ಓನರಮ್ಮನ ಮಗಳು, ಅಕ್ಕನ ನಾದಿನಿ ಬಂದಳು. ಹೆಸರಘಟ್ಟ ರಸ್ತೆಯಲ್ಲಿ ಇಂಥ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಜಾಗವನ್ನು ವಿಚಾರಿಸಿಕೊಂಡೇ ಬಂದಿದ್ದಳು. ಕೆಟ್ಟವಳೇನಲ್ಲ, ತಾಯಿ ಒಣಗಿಹೋದದ್ದನ್ನು ನೋಡಿ ಕಣ್ಣೀರು ಹಾಕಿದಳು.

"ನಿನ್ ಕೈಯಿಂದ ಒಂದ್ ತುತ್ತೂ ತಿನ್ನಲ್ಲ ಅಂದ್ಮೇಲೆ ಇಲ್ಲಿಟ್ಕೊಂಡು ಏನ್ ಮಾಡ್ತೀಯ ಅತ್ತಿಗೆ? ಉಪವಾಸ ಕೆಡವ್ತೀಯಾ?"

ಅಕ್ಕ ನಾದಿನಿಯ ಪಕ್ಕ ಬಂದು ಕೂತಳು. ಆಮೇಲೆ, "ಮೇಲ್ಮನೆಯವಳಿಗೆ ಶಾಲೆ ಶುರುವಾಗೋವರೆಗೂ ಟೈಮ್ ಕೊಡಮ್ಮ. ಅಷ್ಟ್ರೊಳಗೆ ನನ್ ಕೈಯಿಂದ ಉಣ್ಲಿಲ್ಲ ಅಂದ್ರೆ ನೀನ್ ಹೇಳ್ದಂಗೇ ಮಾಡೋಣ" ಎಂದಳು. ನಾದಿನಿ ಹೋದ ಮೇಲೆ ನಾನು ಕೇಳಿದೆ, ಇಷ್ಟೆಲ್ಲ ಬೈಸಿಕೊಂಡು ನಿಮಗ್ಯಾಕಕ್ಕ ಈ ಹಟ, ಕಳಿಸಿಬಿಡಬಾರದೇ ಎಂದು. ನಾನಾಗಿದ್ದರೆ ಕಳಿಸುತ್ತಿದ್ದೆ. ಕಳಿಸುವುದರಲ್ಲಿ ತಪ್ಪೂ ಇಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಅಕ್ಕ ಹೇಳಿದ್ದು ಇಷ್ಟೇ: "ಅಲ್ಲಿ ಹೋಗಿ ಯಾರನ್ನ ಖಾಲಿ ಮಾಡಿಸ್ತಾರೆ ಪಾಪ? ಅಲ್ಲಿ ಅವ್ರೇ ಬಾಡಿಗೆಯೋರಾಗೋಗ್ತಾರೆ ಕಣಮ್ಮ."

ಮೇ ತಿಂಗಳ ಕೊನೆಯಲ್ಲಿ ಅದು ನಡೆಯಿತು. ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಕೆಳಗೆ ದಡಾರನೆ ಸದ್ದು. ಓನರಮ್ಮ ಅಕ್ಕನ ಪಾತ್ರೆಗಳನ್ನು, ಸೀರೆಗಳನ್ನು ಒಂದೊಂದಾಗಿ ತಂದು ಗೇಟಿನಾಚೆ ಎಸೆಯುತ್ತಿದ್ದರು. ಬೀದಿಯ ಜನ ಸೇರಿದರು. ಅಲ್ಲಿಯವರೆಗೆ ಒಂದು ಮಾತೂ ಎದುರಾಡದಿದ್ದ ಅಕ್ಕ ಅಂದು ಮೊದಲ ಸಲ ಕಿರುಚಿದಳು. "ಹೋಗ್ತೀನಿ! ನಿಮ್ಮನೆ ಸಹವಾಸ ಸಾಕು!" ಎಂದು ಕೈಗೆ ಸಿಕ್ಕ ಬ್ಯಾಗು ತೆಗೆದುಕೊಂಡು ನಡೆದೇಬಿಟ್ಟಳು. ನಾನು ಓನರಮ್ಮನನ್ನು ಬಿಟ್ಟು ಹಿಂದೆ ಹೋಗುವ ಹಾಗಿರಲಿಲ್ಲ. ಅವರನ್ನು ಜಗಲಿಯಲ್ಲಿ ಕೂರಿಸಿ, ಪಾತ್ರೆಗಳನ್ನು ಆಯ್ದು ಒಳಗಿಟ್ಟೆ. ಇನ್ನು ಅಕ್ಕ ನೆಲಮಂಗಲದ ಬಸ್ಸು ಹತ್ತಿ ಮಗಳ ಮನೆಗೆ ಹೋಗಿಬಿಟ್ಟಳು ಎಂದೇ ಅಂದುಕೊಂಡೆ. ಹೋಗಿದ್ದರೆ ಯಾರು ತಾನೇ ತಪ್ಪೆನ್ನುತ್ತಿದ್ದರು?

ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ಅಕ್ಕ ಕಂಡಳು. ಅರಳೀಕಟ್ಟೆಯವರೆಗೂ ಹೋಗಿ ಕೂತು ಅತ್ತು ಬಂದಿದ್ದಳು. ಕಣ್ಣು ಊದಿತ್ತು, ಬ್ಯಾಗು ಕೈಯಲ್ಲೇ ಇತ್ತು. ಗೇಟಿನ ಹತ್ತಿರ ಬಂದವಳು ಒಳಗೆ ಕಾಲಿಡಲು ಅಂಜಿ ನಿಂತಳು. ಓನರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರಮ್ಮ? ಮನೆ ನೋಡಾಕ್ ಬಂದ್ಯಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ ಅಮ್ಮ. ಖಾಲಿ ಇದೆಯಂತಲ್ಲ" ಎಂದಳು.

"ಎಷ್ಟ್ ಜನ ಇದೀರಾ?"

"ನಾನು, ನಮ್ಮನೆಯವ್ರು, ನಮ್ಮತ್ತೆ."

"ಅತ್ತೆ ಜೋರಾ?"

"ಜೋರೇ ಅಮ್ಮ... ಅಭ್ಯಾಸ ಆಗಿದೆ."

ಓನರಮ್ಮ ಕಿಸಕ್ಕನೆ ನಕ್ಕರು. ನೀರಿನ ಮಾತು ಬಂತು, ಮೊಳೆಯ ಮಾತು ಬಂತು. ಅಡ್ವಾನ್ಸಿನ ಮಾತು ಮಾತ್ರ ಪುಣ್ಯಕ್ಕೆ ಮರೆತುಹೋಗಿತ್ತು. ಅಕ್ಕ ಎಲ್ಲದಕ್ಕೂ ಒಪ್ಪಿದಳು. ಆಗ ಓನರಮ್ಮ ದನಿ ತಗ್ಗಿಸಿ ಹೇಳಿದರು: "ಇಂದೆ ಇದ್ದೋಳು ಒಳ್ಳೇವ್ಳೇ ಕಣವ್ವ. ಬೆನ್ನಿಗೆ ಎಣ್ಣೆ ತಿಕ್ಕಿ ನೀರ್ ಉಯ್ಯೋಳು. ಅದ್ಯಾಕೋ ಏಳ್ದೆ ಕೇಳ್ದೆ ಒಂಟೋದ್ಲು."

ಅಕ್ಕ ಬ್ಯಾಗನ್ನು ಎದೆಗವಚಿಕೊಂಡಳು. ಓನರಮ್ಮ ಮಾತ್ರ ಹಳೆಯ ಗತ್ತಿನಲ್ಲೇ, "ಓಗು, ಮೊದ್ಲು ಆಲು ಉಕ್ಕಿಸು" ಎಂದು ಅಪ್ಪಣೆ ಕೊಟ್ಟರು.

ಹೀಗೆ ಅಕ್ಕ ಇಷ್ಟು ವರ್ಷ ಬೇಯಿಸಿ ಬಡಿಸಿದ್ದ ಅಡುಗೆಮನೆಗೆ ಹೊಸಬಳಾಗಿ ಬಲಗಾಲಿಟ್ಟು ಹೋದಳು. ಹಾಲಿಟ್ಟಳು. ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುವವರೆಗೂ ಓನರಮ್ಮ ಬಾಗಿಲಲ್ಲಿ ನಿಂತು ನೋಡಿ ಕೈ ಮುಗಿದರು. ಸಕ್ಕರೆ ಹಾಕಿದ ಮೊದಲ ಲೋಟವನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ವಾರಗಟ್ಟಲೆ ಅವಳ ಕೈಯಿಂದ ನೀರೂ ಮುಟ್ಟದಿದ್ದವರು ಗಟಗಟ ಕುಡಿದು ಲೋಟ ಕೆಳಗಿಟ್ಟರು. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಹೊಸ ಮನೆ ಊಟ ಅಮ್ಮ, ಓನರ್ ಮೊದ್ಲು ಉಂಡ್ರೇ ನಮಗೆ ಒಳ್ಳೇದಾಗೋದು" ಎಂದು ಮೆಲ್ಲಗೆ ತಟ್ಟೆಯನ್ನೂ ತಂದಿಟ್ಟಳು. ಓನರಮ್ಮ ಪೂರ್ತಿ ಮುದ್ದೆ ಉಂಡರು! ಅಕ್ಕ ಹಿತ್ತಲಿಗೆ ಹೋಗಿ ನೀರಿನ ಮೋಟರ್ ಹಾಕಿದಳು. ಅದರ ಸದ್ದಿನಲ್ಲಿ ಅಳುವುದು ಅವಳ ರೂಢಿ ಎಂದು ನನಗೆ ಅಂದು ಗೊತ್ತಾಯಿತು.

ಆ ದಿನದಿಂದ ಅಕ್ಕ ದಿನವೂ ಮನೆ ಖಾಲಿ ಮಾಡಿ ದಿನವೂ ಹೊಸ ಬಾಡಿಗೆಯವಳಾಗಿ ಬಂದಳು. ಅತ್ತೆ ಹೋಗೆಂದ ಕೂಡಲೇ ವಾದ ಮಾಡದೆ, "ಆಯ್ತಮ್ಮ, ಹೊರಟೆ" ಎಂದು ಬ್ಯಾಗು ತೆಗೆದುಕೊಳ್ಳುವಳು. ನಾನೋ, ಹಿಂದಿನ ಮನೆಯವರಲ್ಲಿ ಯಾರಾದರೊಬ್ಬರೋ ಬಂದು ಜಗಲಿಯಲ್ಲಿ ಕೂರುತ್ತಿದ್ದೆವು. ಅಕ್ಕ ಅರಳೀಕಟ್ಟೆಯ ಹತ್ತಿರ ಹೂವಿನವಳ ಜೊತೆ ನಾಲ್ಕು ಮಾತಾಡಿ, ಒಂದು ಮೊಳ ಕನಕಾಂಬರ ಮುಡಿದು ಬರುವಳು. ಒಮ್ಮೆ ನಗುತ್ತಾ ಹೇಳಿದ್ದಳು: "ಮದ್ವೆಯಾದಾಗಿಂದ ನಾನು ಸುಮ್ನೆ ಬೀದಿ ಸುತ್ತಿದೋಳೇ ಅಲ್ಲ. ಈಗ ನೋಡು, ದಿನಾ ಅತ್ತೇನೇ ಆಚೆ ಕಳಿಸ್ತಾರೆ."

ಅಕ್ಕನನ್ನು ದೇವತೆ ಮಾಡುವ ಆಸೆ ನನಗಿಲ್ಲ. ಸಿಟ್ಟು ಬಂದ ದಿನ ಪಾತ್ರೆ ಕುಕ್ಕುತ್ತಿದ್ದಳು. ಬೆನ್ನು ನೋವು, ನಿದ್ದೆಯಿಲ್ಲ, ಮಗಳ ಬಾಣಂತನಕ್ಕೂ ಹೋಗಲಾಗಲಿಲ್ಲ. ಕೆಲವು ಸಲ ಅವಳ ಉಪಾಯವೂ ಕೈಕೊಡುತ್ತಿತ್ತು. "ನಿನ್ ಮುಖ ಸರಿಯಿಲ್ಲ, ಮನೆ ಕೊಡಲ್ಲ ಓಗು" ಎಂದುಬಿಡುವರು ಓನರಮ್ಮ. ಅಕ್ಕ ನಮ್ಮ ಮನೆಗೆ ಬಂದು ನನ್ನ ಸೀರೆ ಉಟ್ಟು, ದೊಡ್ಡ ಕುಂಕುಮ ಇಟ್ಟುಕೊಂಡು ಮತ್ತೆ ಹೋಗಿ ಗೇಟು ತಟ್ಟುವಳು. ಮನೆ ಸಿಗುತ್ತಿತ್ತು. ಬೀದಿಯಲ್ಲಿ ಕೆಲವರು, ಅತ್ತೆಯ ಹುಚ್ಚು ಸೊಸೆಗೂ ಹತ್ತಿದೆ ಎಂದರು. ಅನ್ನುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾದಿನಿ ಜೂನ್‌ನಲ್ಲಿ ಬಂದವಳು ಇದೆಲ್ಲವನ್ನೂ ಕಣ್ಣಾರೆ ನೋಡಿದಳು. ತಾಯಿಯ ಕೆನ್ನೆ ತುಂಬಿಕೊಂಡದ್ದನ್ನೂ ನೋಡಿದಳು. ಹೆಸರಘಟ್ಟದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ನನಗೆ ಅಕ್ಕನ ಮೇಲೆ ಗೌರವ ಬಂದದ್ದು ಅವಳ ತಾಳ್ಮೆಗೆ ಮಾತ್ರ ಅಲ್ಲ. ಸೊಸೆ ಅನ್ನಿಸಿಕೊಳ್ಳಬೇಕೆಂಬ ಹಕ್ಕನ್ನು ಅವಳು ಬಿಟ್ಟುಕೊಟ್ಟಳಲ್ಲ, ಅದಕ್ಕೆ. ನಾನಾಗಿದ್ದರೆ ಫೋಟೋ ಹಿಡಿದುಕೊಂಡು ಕೊನೆಯವರೆಗೂ ಜಗಳಾಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನಾವು ಯಲಹಂಕದಲ್ಲಿ ಸ್ವಂತಕ್ಕೊಂದು ಮನೆ ಮಾಡಿಕೊಂಡು ಬಂದೆವು. ಫೋನಿನಲ್ಲಿ ಮಾತಾಡುತ್ತಿದ್ದೆವು, ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಓನರಮ್ಮ ಹಾಸಿಗೆ ಹಿಡಿದರು, ಮಾತು ನಿಂತಿತು. ಆಗಲೂ ಅಕ್ಕ ಬೆಳಿಗ್ಗೆ ಕೋಣೆಯ ಹೊಸಿಲಲ್ಲಿ ನಿಂತು, "ಮನೆ ಕೊಡ್ತೀರಾಮ್ಮ?" ಎಂದು ಕೇಳಿ, ಅವರು ರೆಪ್ಪೆ ಅಲುಗಿಸಿದ ಮೇಲೆಯೇ ಒಳಗೆ ಹೋಗುತ್ತಿದ್ದಳು. ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಹಾಗೇ ಒಂದು ದಿನ ಓನರಮ್ಮ ಹೋದರು.

ತಿಥಿಯ ದಿನ ಊಟವೆಲ್ಲ ಮುಗಿದ ಮೇಲೆ ಅಕ್ಕ, ನಾನು ಹಿತ್ತಲಲ್ಲಿ ಕೂತಿದ್ದೆವು. ಕೊನೆಗೂ ಒಂದು ಸಲವಾದರೂ ನಿಮ್ಮ ಗುರುತು ಹಿಡಿದರಾ ಅಕ್ಕ ಎಂದು ಕೇಳಿದೆ. ಕೇಳಬಾರದಿತ್ತೇನೋ... ಅಕ್ಕ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡಳು.

"ಇಲ್ಲ ಕಣಮ್ಮ. ಸೊಸೆ ಅಂತ ಗುರುತು ಸಿಗ್ಲೇ ಇಲ್ಲ. ಆದ್ರೆ ಯಾರೋ ಏನೋ ಅಂತ ಗೊತ್ತಿಲ್ದೇನೂ ನನ್ನ ನೋಡಿ ಒಪ್ಕೊಂಡು ಮನೆ ಕೊಟ್ರಲ್ಲ. ನನ್ನ ಹೆಣ್ಣು ನೋಡೋಕ್ ಬಂದಾಗ ಅಷ್ಟು ಸುಲಭಕ್ಕೆ ಒಪ್ಪಿರ್ಲಿಲ್ಲ, ತುಂಬಾ ಸತಾಯಿಸಿದ್ರು."

ಹೇಳಿ ನಕ್ಕಳು. ನಾನೂ ನಕ್ಕೆ. ಇಬ್ಬರ ಕಣ್ಣಲ್ಲೂ ನೀರಿತ್ತು.

ಇನ್ನಾದರೂ ಅವಳು ಆರಾಮಾಗಿ ಇರಲಿ, ಮೊಮ್ಮಗುವಿನ ಜೊತೆ ನಾಲ್ಕು ದಿನ ಕಳೆಯಲಿ ಎಂದು ನಾನು ಆಸೆಪಟ್ಟಿದ್ದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಮತ್ತೆ ಶುರು ಮಾಡಿದ್ದಳು. ನನ್ನ ಬ್ಲೌಸ್ ಕೂಡ ಹೊಲಿದು ಕೊಟ್ಟಳು, ತೋಳು ಬಿಗಿಯಾಯಿತು ಎಂದು ನಾನು ತಕರಾರು ಮಾಡಿದ್ದೆ. ಹೋದ ತಿಂಗಳು ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲವಂತೆ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟು ವರ್ಷ ಇನ್ನೊಬ್ಬರ ಜೀವ ಕಾದ ಹೆಂಗಸು, ತನ್ನದನ್ನು ಒಂದು ದಿನವೂ ಆಸ್ಪತ್ರೆಗೆ ತೋರಿಸಿರಲಿಲ್ಲ. ಅವಳ ಮೇಲೆ ನನಗೆ ಅದೊಂದೇ ಸಿಟ್ಟು.

ಮೊನ್ನೆ ಭಾನುವಾರ ಹೋಗಿ ಅಣ್ಣನನ್ನು ಮಾತಾಡಿಸಿಕೊಂಡು ಬಂದೆ. ಹೊರಟಾಗ ಗೇಟಿನವರೆಗೂ ಬಂದರು. ಬೀದಿನಾಯಿಗಳು ಒಳಗೆ ನುಗ್ಗಿ ಗಿಡಗಳನ್ನೆಲ್ಲ ಕೆದರಿದ್ದವು. ಚಿಲಕ ಹಾಕಿಕೊಳ್ಳಬಾರದೇ ಅಣ್ಣ ಎಂದೆ.

"ಹಾಕ್ಬೇಕು ಕಣಮ್ಮ" ಎಂದರು. ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತರು. "ನಮ್ಮಮ್ಮ ಅವ್ಳನ್ನ ದಿನಾ ಆಚೆ ಹಾಕಿದ್ರು. ಒಂದಿನಾನೂ ವಾಪಸ್ ಬರ್ದೇ ಇರ್ಲಿಲ್ಲ ಅವ್ಳು. ಅದಕ್ಕೇ... ಕೈ ಬರಲ್ಲ."

ನಾನು ಗೇಟನ್ನು ಸುಮ್ಮನೆ ಮುಂದಕ್ಕೆಳೆದು, ಚಿಲಕ ಹಾಕದೆ ಬಸ್ ಸ್ಟಾಪಿನ ಕಡೆಗೆ ನಡೆದೆ.